ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೂರು ಫೇಸ್‌ಗಳ ದಾಖಲೆ: ಈ ಬೇಸಿಗೆಯ ಪ್ರಗತಿ

ಅರಸೀಕೆರೆ ತಾಲ್ಲೂಕಿನ ನಮ್ಮ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ಕರೆಂಟಿನ ಲೆಕ್ಕ ಬರೆಯುವ ಪೆಟ್ಟಿಗೆಗೆ ಈಗ ಮೂರು ಫೇಸ್‌ಗಳಿಗೂ ಪ್ರತ್ಯೇಕ ಸೆನ್ಸರ್ ಬಂದಿದೆ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಮೂರು ಜಡ್‌ಎಂಪಿಟಿ101ಬಿ ವೋಲ್ಟೇಜ್ ಮಾಡ್ಯೂಲುಗಳು, ಸಮಯಕ್ಕೆ ಡಿಎಸ್3231, ಬರೆದಿಡಲು ಮೆಮೊರಿ ಕಾರ್ಡು, ಕರೆಂಟು ಹೋದಾಗಲೂ ಎಚ್ಚರವಾಗಿರಲು ಒಂದು ಲಿಥಿಯಂ ಸೆಲ್, ಇಷ್ಟೇ ಸಾಮಗ್ರಿ. ಸಂಪರ್ಕವನ್ನು ಮೇನ್ ಸ್ವಿಚ್ಚಿನ ಈಚೆಗೆ, ಪ್ರತಿ ಫೇಸಿಗೂ ಸಣ್ಣ ಫ್ಯೂಸ್ ಹಾಕಿ ತೆಗೆದುಕೊಂಡಿದ್ದೇನೆ. ಪಂಪ್‌ಸೆಟ್ಟುಗಳಿಗೆಂದು ದಿನದಲ್ಲಿ ಕೆಲವು ಗಂಟೆ ತ್ರೀ ಫೇಸ್ ಕೊಡುವ ಅವಧಿಯ ದಾಖಲೆಯನ್ನಷ್ಟೇ ಇಲ್ಲಿ ಪರಿಗಣಿಸಿದ್ದೇನೆ.

ವಿದ್ಯುತ್ ವಿತರಣೆಯ ವಿಶ್ವಾಸಾರ್ಹತೆಯನ್ನು ಅಳೆಯಲು ಎರಡು ಸೂಚ್ಯಂಕಗಳು ಎಲ್ಲೆಡೆ ಬಳಕೆಯಲ್ಲಿವೆ. ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಸಲ ಕರೆಂಟು ಹೋಯಿತು ಎಂಬುದನ್ನು ಸೈಫಿ ಹೇಳಿದರೆ, ಒಟ್ಟು ಎಷ್ಟು ಹೊತ್ತು ಹೋಯಿತು ಎಂಬುದನ್ನು ಸೈಡಿ ಹೇಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಒಂದು ವ್ಯತ್ಯಯ ಸರಿಹೋಗಲು ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ಐಇಇಇ 1366 ಮಾನದಂಡದ ಪ್ರಕಾರ 5 ನಿಮಿಷ ಮೀರದ ವ್ಯತ್ಯಯಗಳು ಈ ಲೆಕ್ಕಕ್ಕೆ ಸೇರದೆ ಕ್ಷಣಿಕ ವ್ಯತ್ಯಯಗಳೆಂಬ ಬೇರೆ ಪಟ್ಟಿಗೆ ಹೋಗುತ್ತವೆ. ನಮ್ಮಲ್ಲಿ ಈ ಎಣಿಕೆ ಸಾಮಾನ್ಯವಾಗಿ 11 ಕೆವಿ ಫೀಡರಿನ (ಸಬ್‌ಸ್ಟೇಷನ್ನಿನಿಂದ ಟಿಸಿಗಳಿಗೆ ಬರುವ ಲೈನಿನ) ಮಟ್ಟದಲ್ಲಿ ನಡೆಯುವುದರಿಂದ, ಸಬ್‌ಸ್ಟೇಷನ್ನಿನ ಬ್ರೇಕರ್ ಬೀಳದಿದ್ದರೆ ಪುಸ್ತಕದಲ್ಲಿ ಕರೆಂಟು ಇದ್ದಂತೆಯೇ. ಫೀಡರಿನ ಕೊನೆಯಲ್ಲಿರುವ ಒಂದು ಟಿಸಿಯ ಕೆಳಗೆ ಏನು ನಡೆಯುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ನನ್ನ ಪೆಟ್ಟಿಗೆ ನೋಡಬೇಕಾಗಿರುವುದು ಅದನ್ನೇ.

ಒಂದೇ ಸೆನ್ಸರ್ ಇದ್ದಾಗ ದಾಖಲೆಯಲ್ಲಿ ಆಗಾಗ 110ರಿಂದ 120 ವೋಲ್ಟ್‌ನ ಉದ್ದನೆಯ ಪಟ್ಟಿಗಳು ಕಾಣಿಸುತ್ತಿದ್ದವು. 230 ವೋಲ್ಟ್‌ಗೆ ಶೇ. 6ರಷ್ಟು ಏರಿಳಿತ ಸಹಜವೆಂದು ಒಪ್ಪಿದರೂ 216ಕ್ಕಿಂತ ಕೆಳಗೆ ಇಳಿಯಬಾರದು. ಇದು ಅದರ ಅರ್ಧಕ್ಕೆ ಬಂದು ನಿಂತಿತ್ತು. ಮೂರೂ ಫೇಸ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಕಾರಣ ಸ್ಪಷ್ಟವಾಯಿತು. ನಮ್ಮ ಟಿಸಿಯ 11 ಕೆವಿ ಕಡೆಯ ಸುರುಳಿಗಳು ಡೆಲ್ಟಾ (ತ್ರಿಕೋನದಂತೆ, ಎರಡೆರಡು ತಂತಿಗಳ ನಡುವೆ ಜೋಡಿಸಿದವು), ಕೆಳಗಿನವು ಸ್ಟಾರ್ (ನಡುವಿನ ಒಂದು ಬಿಂದುವಿಗೆ ಸೇರಿದವು). ಮೇಲಿನ, ಅಂದರೆ 11 ಕೆವಿ ಕಡೆಯ, ಮೂರು ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸುಗಳಲ್ಲಿ ಒಂದು ಹೋದರೆ, ಉಳಿದೆರಡು ತಂತಿಗಳ ನಡುವಿನ ಸುರುಳಿಗೆ ಪೂರ್ಣ ವೋಲ್ಟೇಜ್ ದೊರೆಯುತ್ತದೆ, ಮಿಕ್ಕ ಎರಡು ಸುರುಳಿಗಳು ಸಾಲಾಗಿ ನಿಂತು ಅಷ್ಟೇ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಕೆಳಗೆ ಒಂದು ಫೇಸ್ 230ರ ಆಸುಪಾಸಿನಲ್ಲಿಯೂ ಎರಡು ಫೇಸ್‌ಗಳು 115ರ ಆಸುಪಾಸಿನಲ್ಲಿಯೂ ಇರುತ್ತವೆ. ಆ ಎರಡರ ಮೇಲಿನ ಲೋಡ್ ಸಮವಿಲ್ಲದಿದ್ದರೆ ಹಂಚಿಕೆಯೂ ಸಮವಿರುವುದಿಲ್ಲ. ಹೆಚ್ಚು ಲೋಡ್ ಇರುವ ಫೇಸ್ ಇನ್ನಷ್ಟು ಕುಸಿಯುತ್ತದೆ. ಬಲ್ಬು ಡಿಮ್ಮಾಗಿ ಉರಿಯುತ್ತದೆ, ಮೋಟಾರು ತಿರುಗದೆ ಗುಂಯ್ ಎನ್ನುತ್ತದೆ, ಫೇಸ್ ತಪ್ಪಿದಾಗ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಇಲ್ಲದಿದ್ದರೆ ಸುಟ್ಟೇ ಹೋಗುತ್ತದೆ.

ಕೆಳಗಿನ ಎಲ್‌ಟಿ (ಕಡಿಮೆ ವೋಲ್ಟೇಜಿನ ಕಡೆಯ) ಫ್ಯೂಸ್ ಹೋದಾಗ ಚಿತ್ರ ಬೇರೆ. ಆ ಒಂದು ಫೇಸ್ ಸೊನ್ನೆಯಾಗುತ್ತದೆ, ಉಳಿದೆರಡು ಸರಿಯಾಗಿರುತ್ತವೆ. ಆದರೆ ಅದೇ ಲೈನಿನಲ್ಲಿ ತ್ರೀ ಫೇಸ್ ಮೋಟಾರು ಓಡುತ್ತಿದ್ದರೆ ಅದು ಸತ್ತ ಫೇಸಿಗೂ ವೋಲ್ಟೇಜ್ ತುಂಬಿ ತೋರಿಸುವುದರಿಂದ, ಮೋಟಾರುಗಳು ನಿಂತ ಮೇಲಿನ ಅಳತೆಯನ್ನೇ ನಂಬಬೇಕು. ಈ ಎರಡು ನಿಯಮಗಳನ್ನು ಪ್ರೋಗ್ರಾಮಿಗೆ ಸೇರಿಸಿದ ಮೇಲೆ, ಲೈನ್‌ಮ್ಯಾನ್‌ಗೆ ಫೋನ್ ಮಾಡುವಾಗ "ಕರೆಂಟಿಲ್ಲ" ಎನ್ನುವ ಬದಲು ಮೇಲಿನ ಫ್ಯೂಸೋ ಕೆಳಗಿನದೋ ಎಂದು ಹೇಳಲು ಸಾಧ್ಯವಾಗಿದೆ. ಮೇಲಿನದಾದರೆ ಲೈನ್ ಆಫ್ ಮಾಡಿಸಿಕೊಂಡೇ ಅವರು ಹೊರಡುತ್ತಾರೆ.

ಫ್ಯೂಸ್ ಯಾವಾಗ ಹೋಗುತ್ತದೆ ಎಂದು ನೋಡಿದರೆ, ಗಾಳಿ ಮಳೆ ಇಲ್ಲದ ದಿನಗಳಲ್ಲಿ ಅದು ಹೋಗುವುದು ಬಹುಪಾಲು ತ್ರೀ ಫೇಸ್ ಬಂದ ಮೊದಲ ಕ್ಷಣಗಳಲ್ಲಿ. ಎಲ್ಲರ ಬೋರಿಗೂ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದೊಡನೆ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದೇಳುತ್ತವೆ. 63 ಕೆವಿಎ ಟಿಸಿಯ ಪೂರ್ಣ ಸಾಮರ್ಥ್ಯ ಎಲ್‌ಟಿ ಕಡೆಯಲ್ಲಿ ಸುಮಾರು 84 ಆಂಪಿಯರ್. 7.5 ಎಚ್‌ಪಿಯ ಆರು ಮೋಟಾರುಗಳು ಒಂದೊಂದೂ 12 ಆಂಪಿಯರಿನಂತೆ ಓಡಿದರೆ 72, ಅಂದರೆ ತೊಂದರೆಯಿಲ್ಲ. ಎದ್ದೇಳುವಾಗ ಮಾತ್ರ ಪ್ರತಿ ಮೋಟಾರು ಐದಾರು ಪಟ್ಟು ಎಳೆಯುತ್ತದೆ; ಆರೂ ಒಟ್ಟಿಗೆ ಎದ್ದರೆ ಲೆಕ್ಕ 360 ಆಂಪಿಯರಿನಾಚೆಗೆ ಹೋಗುತ್ತದೆ. ವೋಲ್ಟೇಜ್ ಕುಸಿದಾಗ ಮೋಟಾರು ವೇಗ ಪಡೆಯಲು ಇನ್ನಷ್ಟು ಹೊತ್ತು ಹಿಡಿಯುವುದರಿಂದ ಆ ಹೊರೆ ಬೇಗ ಇಳಿಯುವುದೂ ಇಲ್ಲ. ಹಳೆಯ ಫ್ಯೂಸ್ ತಂತಿ ತಾಳುವುದಾದರೂ ಹೇಗೆ?

ಬೇಡಿಕೆ ನಿರ್ವಹಣೆಯ (ಎಲ್ಲರೂ ಒಮ್ಮೆಲೇ ಕರೆಂಟು ಎಳೆಯದಂತೆ ಬಳಕೆಯನ್ನು ಹೊಂದಿಸುವುದರ) ಚರ್ಚೆ ಬಂದಾಗಲೆಲ್ಲ ದರದ ಮಾತೇ ಮುಂದೆ ಬರುತ್ತದೆ. 2023ರಲ್ಲಿ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯು ದಿನದ ಹೊತ್ತಿಗೆ ತಕ್ಕ ದರವನ್ನು 10 ಕಿಲೋವ್ಯಾಟ್ ಮೀರಿದ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಉಳಿದವರಿಗೆ 2025ರ ಏಪ್ರಿಲ್ 1ರಿಂದ ಗೊತ್ತುಪಡಿಸಿತು, ಕೃಷಿಯನ್ನು ಹೊರಗಿಟ್ಟಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವ ನಮ್ಮ ರಾಜ್ಯದಲ್ಲಿ ಬೋರಿನ ಮುಂದೆ ದರದ ಆಸೆ ತೋರಿಸಿ ಪ್ರಯೋಜನವಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮಾಡಬಹುದಾದ ಬೇಡಿಕೆ ನಿರ್ವಹಣೆಯೆಂದರೆ ಒಂದೇ ಟಿಸಿಯವರು ಕೂತು ಸೆಕೆಂಡುಗಳನ್ನು ಹಂಚಿಕೊಳ್ಳುವುದು.

ಅದನ್ನೇ ಮಾಡಿದೆವು. ಸ್ಟಾರ್ಟರಿನಲ್ಲಿರುವ ತಡದ ತಿರುಪನ್ನು ಒಬ್ಬೊಬ್ಬರದು 20 ಸೆಕೆಂಡ್ ಅಂತರದಲ್ಲಿ ಬರುವಂತೆ ಹೊಂದಿಸಿದ್ದೇವೆ. ಹಳೆಯ ಸ್ಟಾರ್ಟರಿಗೆ ಪ್ರತ್ಯೇಕ ಟೈಮರ್ ಕೂರಿಸಬೇಕಾಯಿತು. ಪಕ್ಕದ ತೋಟದ ಅಣ್ಣ ಮೊದಲು ಒಪ್ಪಲಿಲ್ಲ: "ನಿಮ್ ಮೋಟ್ರು ಮೊದ್ಲು ಎದ್ರೆ ನಮ್ ಬೋರಿಗೆ ನೀರು ಕಮ್ಮಿ ಆಗಲ್ವಾ?" ಏಳು ಗಂಟೆಯ ಪಾಳಿಯಲ್ಲಿ ಕೊನೆಯವರಿಗೆ ತಪ್ಪುವುದು ಎರಡು ನಿಮಿಷಕ್ಕಿಂತ ಕಡಿಮೆ, ಫ್ಯೂಸ್ ಹೋದರೆ ತಪ್ಪುವುದು ಇಡೀ ಪಾಳಿ ಎಂದು ದಾಖಲೆ ತೋರಿಸಿದ ಮೇಲೆ, ತಿಂಗಳಿಗೊಮ್ಮೆ ಸರದಿ ಬದಲಿಸುವ ಷರತ್ತಿನ ಮೇಲೆ ಒಪ್ಪಿದರು. ನ್ಯಾಯವಾದ ಷರತ್ತೇ.

ಈಗ ಕರೆಂಟು ಬಂದಾಗಿನ ನಕ್ಷೆಯಲ್ಲಿ ಒಂದು ಆಳವಾದ ಗುಂಡಿಯ ಬದಲು ಸಣ್ಣ ಸಣ್ಣ ಇಳಿತಗಳ ಸಾಲು ಕಾಣುತ್ತದೆ. ಆರಂಭದ ಹೊತ್ತಿನಲ್ಲಿ ಎಚ್‌ಜಿ ಫ್ಯೂಸ್ ಹೋದ ಗುರುತು ಸರದಿ ಶುರುವಾದ ಮೇಲೆ ದಾಖಲೆಯಲ್ಲಿಲ್ಲ. ಆದರೂ ಈ ನಡುವೆ ಹಾಕಿದ ಹೊಸ ಫ್ಯೂಸ್ ತಂತಿಯ ಪಾಲು ಇದರಲ್ಲಿ ಎಷ್ಟು ಎಂದು ಬೇರ್ಪಡಿಸದೆ ತೀರ್ಮಾನಕ್ಕೆ ಬರಲಾರೆ.

ಪೆಟ್ಟಿಗೆ ಆವರ್ತನವನ್ನೂ ಬರೆಯುತ್ತದೆ. ದಕ್ಷಿಣದ ಜಾಲವು 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಉಳಿದ ಜಾಲದೊಡನೆ ಒಂದಾದ ಮೇಲೆ ಅರಸೀಕೆರೆಯ ಆವರ್ತನ, ದೆಹಲಿಯ ಆವರ್ತನ ಎರಡೂ ಒಂದೇ. ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿದ ಹೊತ್ತಿನಲ್ಲಿಯೂ ಆವರ್ತನ 50 ಹರ್ಟ್ಸ್‌ನ ಬಳಿಯೇ ಇತ್ತು. ಅಂದರೆ ಆ ಕೊರತೆ ದೇಶದ ಉತ್ಪಾದನೆಯದಲ್ಲ, ನಮ್ಮ ಲೈನಿನದು.

ಮುಂದಿನ ಹಂತದಲ್ಲಿ ಪ್ರತಿ ಮೋಟಾರಿಗೂ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರಿಸಿ ಕರೆಂಟ್ ಅಳೆಯಬೇಕು, ಅನಂತರ ಸ್ಟಾರ್ಟರುಗಳಿಗೆ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಎಷ್ಟು ಸುಧಾರಿಸುತ್ತದೆ ಎಂದು ನೋಡಬೇಕು. ಇಬ್ಬರು ತಮ್ಮ ಸ್ಟಾರ್ಟರ್ ಬಾಕ್ಸ್ ತೆರೆಯಲು ಒಪ್ಪಿದ್ದಾರೆ; ಕೆಲಸ ಅವರಿಂದಲೇ ಶುರು.