ಬಿಲಹರಿಗೆ ಬಂದ ಕಣ್ಣೀರು

ಅಳುವುದೇ ಆಗಿದ್ದರೆ ನಾನು ಮುಖಾರಿ ರಾಗಕ್ಕೆ ಅಳಬೇಕಿತ್ತು. ಆ ಸಂಜೆಯ ಕಚೇರಿಯಲ್ಲಿ ಗಾಯಕಿ ಅದನ್ನು ಅವಸರವಿಲ್ಲದೆ ಆಲಾಪಿಸಿದರು. ಮುಖಾರಿಗೂ ಕರುಣರಸಕ್ಕೂ ಹಳೆಯ ನಂಟು. ಖರಹರಪ್ರಿಯ ಎಂಬ ತಾಯಿರಾಗದಿಂದ ಹುಟ್ಟಿದ್ದರೂ ಇಳಿಯುವಾಗ ಅದಕ್ಕೆ ಅಲ್ಲಿಲ್ಲದ ಶುದ್ಧ ಧೈವತ ಸೇರುತ್ತದೆ. ಆ ಒಂದು ಸ್ವರಕ್ಕೆ ಎದೆ ಹಿಂಡುವ ಶಕ್ತಿಯಿದೆ. ಪಕ್ಕದಲ್ಲಿದ್ದ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ತಲೆದೂಗಿದೆ, ಅಷ್ಟೆ.

ಆಮೇಲೆ ಬಿಲಹರಿ ಬಂತು. ಬೆಳಗಿನ ರಾಗ, ಉಲ್ಲಾಸದ ರಾಗ. ಏರುವಾಗ ಮೋಹನದ ಹಾಗೆ ಐದೇ ಸ್ವರ, ಇಳಿಯುವಾಗ ಏಳೂ. ಸಭೆಯಲ್ಲಿ ಲವಲವಿಕೆ ಮೂಡಿತು. ಗಾಯಕಿ ‘ದನಿದಪ’ ಎಂಬಲ್ಲಿ ಕೈಶಿಕಿ ನಿಷಾದವನ್ನು, ಈ ರಾಗದ ಮನೆಗೆ ನೆಂಟನಂತೆ ಬರುವ ಆ ಅನ್ಯಸ್ವರವನ್ನು, ಮುಟ್ಟಿಯೂ ಮುಟ್ಟದಂತೆ ಹಾಡಿ ಮುಂದಕ್ಕೆ ಸಾಗಿದರು. ನನ್ನ ಗಂಟಲು ಕಟ್ಟಿತು. ಏಕೆಂದು ತಿಳಿಯುವ ಮೊದಲೇ ಕಣ್ಣು ತುಂಬಿತ್ತು.

ಕೃತಿ ಶುರುವಾದಾಗ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು, ಸದ್ದಿಲ್ಲದೆ ಕೈ ಮಗುಚುವ ಹುಸಿ, ಪೆಟ್ಟು, ಹುಸಿ. ಕಿರುಬೆರಳನ್ನು ಎಣಿಸುವಾಗ ಮಾತ್ರ ಒಂದಿಷ್ಟು ಹೆಚ್ಚೇ ಒತ್ತುತ್ತಿದ್ದೆ. ಅದು ಅಕ್ಕನ ಒತ್ತು.

ನನಗಾಗ ಎಂಟು ವರ್ಷ, ಅಕ್ಕನಿಗೆ ಹದಿನಾರು. ತಾನು ಕಲಿತ ಪಾಠವನ್ನು ಅದೇ ದಿನ ನನಗೆ ಒಪ್ಪಿಸದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಸಂಗೀತ ಕಲಿಯುವ ಮಕ್ಕಳಿಗೆಲ್ಲ ಬಿಲಹರಿ ಮೊದಲು ಸಿಗುವುದು ಸ್ವರಜತಿ ಎಂಬ ಆರಂಭದ ಪಾಠದಲ್ಲಿ. ನನಗೂ ಹಾಗೆಯೇ ಸಿಕ್ಕಿತು. ನಾನು ಎಣಿಕೆ ತಪ್ಪಿಸುತ್ತಿದ್ದದ್ದು ಕಿರುಬೆರಳಿನಲ್ಲೇ. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ಹಿಡಿದು ಆ ಬೆರಳನ್ನು ಗಟ್ಟಿಯಾಗಿ ಒತ್ತುತ್ತಿದ್ದಳು. “ಇಲ್ಲಿ ಓಡಬೇಡ. ನಿಷಾದವನ್ನು ನೋಯಿಸಬೇಡ” ಎನ್ನುತ್ತಿದ್ದಳು. ಸ್ವರಕ್ಕೂ ನೋವಾಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ನಾಲ್ಕು ವರ್ಷಗಳ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಕ ಹಾಡುವುದಿಲ್ಲ. ಮಾತಾಡುತ್ತಾಳೆ, ಆದರೆ ದನಿ ಪಿಸುಮಾತಿನಷ್ಟೇ. ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಸಂಗೀತ ಬರುವುದೇ ಇಲ್ಲ. ಅವಳಿಗೆ ನೋವಾದೀತೆಂದು ನಾನು ಎತ್ತುತ್ತಿರಲಿಲ್ಲ, ನನಗೆ ನೋವಾದೀತೆಂದು ಅವಳೂ ಎತ್ತುತ್ತಿರಲಿಲ್ಲವೇನೋ.

ಯಾವ ರಾಗಕ್ಕೆ ಯಾವ ರಸ ಎಂದು ಬಲ್ಲವರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಪಕ್ಕದವರನ್ನು ಅಳಿಸಿದ್ದು ಮುಖಾರಿಯೇ. ಆದರೆ ನನ್ನ ಬಿಲಹರಿಗೆ ಒಂದು ಕೈಯ ಬಿಸುಪು ಅಂಟಿಕೊಂಡಿದೆ. ಅದನ್ನು ರಾಗದ ಲಕ್ಷಣ ಹೇಳುವ ಯಾವ ಲಕ್ಷಣಗೀತೆ ಹೇಳೀತು?

ಕಚೇರಿ ಮುಗಿಯುವವರೆಗೆ ತಡೆಯಲಾಗಲಿಲ್ಲ. ತಾಳವಾದ್ಯವೊಂದೇ ನುಡಿಯುವ ತನಿ ಆವರ್ತನಕ್ಕೆ ಮೃದಂಗ ಅಣಿಯಾಗುತ್ತಿದ್ದಾಗಲೇ ಹೊರಗೆ ಬಂದು ಅಕ್ಕನಿಗೆ ಕರೆ ಮಾಡಿದೆ.

“ಬಿಲಹರಿ ಹಾಡಿದರು ಅಕ್ಕಾ” ಎಂದೆ.

ಅತ್ತ ಬಹಳ ಹೊತ್ತು ಮಾತಿಲ್ಲ. ತಪ್ಪು ಮಾಡಿದೆನೇನೋ ಎನ್ನಿಸಿತು. ಆಗ ಫೋನಿನಲ್ಲಿ ‘ಟಪ್’ ಎಂದು ಒಂದು ಸದ್ದು. ಸ್ವಲ್ಪ ಮೌನ. ಮತ್ತೊಂದು ಸದ್ದು, ಚಿಕ್ಕ ಮೌನ, ಇನ್ನೊಂದು ಸದ್ದು. ಮತ್ತೆ ಮೊದಲಿನಿಂದ.

ಬೆರಳೆಣಿಕೆಗೆ ಸದ್ದಿರುವುದಿಲ್ಲ. ಮೊದಲ ಪೆಟ್ಟಿನ ನಂತರದ ಆ ಮೌನದಲ್ಲಿ ನಾನು ಕಿರುಬೆರಳು ಒತ್ತಿದೆ, ಉಂಗುರ ಬೆರಳು, ನಡುಬೆರಳು. ಎರಡನೆಯ ಆವರ್ತಕ್ಕೆ ಸ್ವರಜತಿ ಎತ್ತಿಕೊಂಡೆ.