ಸಿಂಗಪುರದಲ್ಲಿ ಒಳ್ಳೆ ಹೋಟೆಲ್ ಯಾವುದು?

"ಸಿಂಗಪುರಕ್ಕೆ ಬರ್ತಿದ್ದೀವಿ, ಒಳ್ಳೆ ಹೋಟೆಲ್ ಯಾವುದು ಹೇಳಿ." ಮಕ್ಕಳ ರಜೆ ಹತ್ತಿರ ಬಂದರೆ ಸಾಕು, ಈ ಮೆಸೇಜ್ ವಾರಕ್ಕೆರಡು ಸಲವಾದರೂ ಬರುತ್ತದೆ. ನಮ್ಮ ಕನ್ನಡದಲ್ಲಿ ಹೋಟೆಲ್ ಅಂದರೆ ಮಲಗುವ ಜಾಗವೂ ಹೌದು, ಇಡ್ಲಿ ತಿನ್ನುವ ಜಾಗವೂ ಹೌದು. ಯಾವುದು ಬೇಕು ಅಂತ ಕೇಳಿದರೆ "ಎರಡೂ" ಅನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಸಾಲು: "ನಮ್ಮ ಊಟ ಸಿಗೋ ಕಡೆ, ಆಯ್ತಾ?"

ಎಷ್ಟು ಜನ, ಎಷ್ಟು ದಿನ, ಖರ್ಚು ಎಷ್ಟು ಮಾಡ್ತೀರಿ, ಮೊಟ್ಟೆ ತಿಂತೀರಾ, ಯಾವುದನ್ನೂ ಹೇಳುವುದಿಲ್ಲ. ನಾನೇ ಒಂದೊಂದಾಗಿ ಕೇಳಬೇಕು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಮಲಗುವ ಹೋಟೆಲ್. ಲಿಟಲ್ ಇಂಡಿಯಾ, ಫ್ಯಾರರ್ ಪಾರ್ಕ್, ಬೂಗಿಸ್, ಈ ಮೂರು ಎಂಆರ್‌ಟಿ, ಅಂದರೆ ಇಲ್ಲಿನ ಮೆಟ್ರೋ ರೈಲಿನ ಸ್ಟೇಷನ್‌ಗಳ ಸುತ್ತ ನೋಡಿ. ಮರೀನಾ ಬೇ ಕಡೆ ರೂಮು ಹಿಡಿದು ದುಡ್ಡು ಸುರಿಯುವ ಅಗತ್ಯ ಇಲ್ಲ. ಅಲ್ಲಿನ ದೀಪಗಳನ್ನು ನೋಡಿಕೊಂಡು ರೈಲಿನಲ್ಲಿ ಆರಾಮಾಗಿ ವಾಪಸ್ ಬರಬಹುದು. ಅಗ್ಗದ ರೂಮು ಕಂಡರೆ ಕಿಟಕಿ ಇದೆಯಾ ಅಂತ ಓದಿ ನೋಡಿ. ಇಲ್ಲಿ ಕಿಟಕಿಯೇ ಇಲ್ಲದ ರೂಮುಗಳನ್ನೂ ಮಾರುತ್ತಾರೆ. ಗೇಲಾಂಗ್‌ನಲ್ಲಿ ಇನ್ನೂ ಅಗ್ಗ, ತಿಂಡಿಯೂ ಬಹಳ ಚೆನ್ನಾಗಿದೆ. ಆದರೆ ಅದರ ಕೆಲವು ಗಲ್ಲಿಗಳು ಕೆಂಪು ದೀಪದ ಬೀದಿಗಳು. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ಗೊತ್ತಿದ್ದೇ ಆರಿಸಿಕೊಳ್ಳಿ. ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಫಾರ್ಮುಲಾ ಒನ್ ಕಾರ್ ರೇಸ್ ಇರುವ ವಾರ ಮಾತ್ರ ಬರಬೇಡಿ, ರೂಮಿನ ಬೆಲೆ ಕೇಳಲಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ನಂಬುವುದಿಲ್ಲ. ಆನ್‌ಲೈನಿನಲ್ಲಿ ಯಾರದೋ ಫ್ಲ್ಯಾಟ್ ನಾಲ್ಕು ದಿನಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ. ಇಲ್ಲಿ ಖಾಸಗಿ ಮನೆಯನ್ನು 3 ತಿಂಗಳಿಗಿಂತ ಕಡಿಮೆ, ಸರ್ಕಾರಿ ವಸತಿಯ ಫ್ಲ್ಯಾಟನ್ನು 6 ತಿಂಗಳಿಗಿಂತ ಕಡಿಮೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ.

"ಭಾನುವಾರ ಲಿಟಲ್ ಇಂಡಿಯಾ ತುಂಬಾ ರಶ್ ಅಂತೆ, ಬೇರೆ ಕಡೆ ಹೇಳಿ" ಅನ್ನುವವರ ಮೇಲೆ ನನಗೆ ನಿಜವಾಗಿ ಕೋಪ ಬರುತ್ತದೆ. ಭಾನುವಾರ ಅಲ್ಲಿ ಸೇರುವವರು ಹೊರದೇಶಗಳಿಂದ ದುಡಿಯಲು ಬಂದ ಕೂಲಿ ಕಾರ್ಮಿಕರು. ನಾವು ನೋಡೋಕೆ ಬರುವ ಕಟ್ಟಡಗಳನ್ನು ಕಟ್ಟುವವರು ಅವರೇ. ಬಹಳ ಜನಕ್ಕೆ ವಾರಕ್ಕೆ ಅದೊಂದೇ ರಜೆ. ಊರಿಗೆ ದುಡ್ಡು ಕಳಿಸಿ, ಗೆಳೆಯರ ಜೊತೆ ಕೂತು ಉಣ್ಣುವ ದಿನ. ಒಂಚೂರು ಸರಿದು ಜಾಗ ಬಿಡಿ, ಅಷ್ಟೇ.

ಈಗ ಊಟ. ಸೆರಂಗೂನ್ ರಸ್ತೆಯಲ್ಲಿ ಕೋಮಳ ವಿಲಾಸ 1947ರಿಂದ ಇದೆ. ಅದೇ ರಸ್ತೆಯಲ್ಲಿ ಮುಂದೆ, ಪೆರುಮಾಳ್ ದೇವಸ್ಥಾನದ ಹತ್ತಿರ, ನಮ್ಮ ಎಂಟಿಆರ್ 2013ರಲ್ಲಿ ಬಂತು. ಮನೆ ನೆನಪಾದಾಗ ನಾನೂ ಅಲ್ಲಿಗೇ ಹೋಗುತ್ತೇನೆ. ದೋಸೆ ತಿನ್ನಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಆದರೆ ಐದು ದಿನಕ್ಕೆ ಬಂದು ಹದಿನೈದು ಹೊತ್ತೂ ಅದನ್ನೇ ತಿಂದು, "ಸಿಂಗಪುರದಲ್ಲಿ ವೆಜ್‌ನವರಿಗೆ ಏನೂ ಇಲ್ಲ" ಅಂತ ಊರಿನಲ್ಲಿ ಹೇಳಿಕೊಂಡು ತಿರುಗುತ್ತಾರಲ್ಲ, ಅದನ್ನು ನನಗೆ ಸಹಿಸಲಾಗುವುದಿಲ್ಲ.

ಸಾಗರದಿಂದ ನನ್ನ ಚಿಕ್ಕಮ್ಮ ಬಂದಿದ್ದರು. ಮೊಟ್ಟೆಯನ್ನೂ ಮುಟ್ಟದವರು. ಮೊದಲ ದಿನ ಬೆಳಿಗ್ಗೆ ಹಾಕರ್ ಸೆಂಟರ್, ಅಂದರೆ ಒಂದೇ ಸೂರಿನಡಿ ಸಾಲು ಸಾಲು ತಿಂಡಿ ಅಂಗಡಿಗಳಿರುವ ಜಾಗ, ತೋರಿಸೋಣ ಅಂತ ಕರೆದುಕೊಂಡು ಹೋದೆ. ನಾನು ಕಾಫಿ ತರುವ ಸಾಲಿನಲ್ಲಿದ್ದೆ. ಅವರು ಒಂದು ಅಂಗಡಿಯಲ್ಲಿ "ಕ್ಯಾರಟ್ ಕೇಕ್" ಅಂತ ಬೋರ್ಡ್ ನೋಡಿ, ತರಕಾರಿಯದ್ದೇ ಅಲ್ವಾ ಅಂತ ಒಂದು ತಟ್ಟೆ ತೆಗೆದುಕೊಂಡರು. ಅದರಲ್ಲಿ ಕ್ಯಾರಟ್ ಇರುವುದೇ ಇಲ್ಲ. ಅಕ್ಕಿ ಹಿಟ್ಟಿಗೆ ಬಿಳಿ ಮೂಲಂಗಿ ಹಾಕಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ಮೊಟ್ಟೆ ಒಡೆದು ಹಾಕಿ ಹುರಿಯುತ್ತಾರೆ. ಒಣ ಸಿಗಡಿಯೂ ಬೀಳುವುದುಂಟು. ನಾನು ವಾಪಸ್ ಬರುವಷ್ಟರಲ್ಲಿ ಎರಡು ತುಂಡು ತಿಂದಾಗಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸುಮ್ನೆ ಎದ್ದು ಬಾಯಿ ಮುಕ್ಕಳಿಸಿದರು. ಮನೆಗೆ ಬಂದು ಸ್ನಾನ ಮಾಡಿ, ರಾತ್ರಿಯವರೆಗೂ ಬಾಳೆಹಣ್ಣಿನಲ್ಲೇ ಇದ್ದರು. ಬೋರ್ಡ್ ಓದಿ ಹೇಳಬೇಕಾಗಿದ್ದವಳು ನಾನು. ಆ ದಿನದ ನೆನಪು ಈಗಲೂ ಚುಚ್ಚುತ್ತದೆ.

ಮರುದಿನ ವಾಟರ್‌ಲೂ ಸ್ಟ್ರೀಟಿಗೆ ಹೋದೆವು. ಅಲ್ಲಿ ಕೃಷ್ಣನ ಗುಡಿಯೂ ಚೀನೀಯರ ಗುವಾನ್ ಯಿನ್ ದೇವಿಯ ಗುಡಿಯೂ ಅಕ್ಕಪಕ್ಕದಲ್ಲೇ ಇವೆ. ದೇವಿಗೆ ಕೈ ಮುಗಿದ ಚೀನೀಯರು ಹಾಗೇ ನಡೆದು ಬಂದು ಕೃಷ್ಣನ ಮುಂದೆಯೂ ಊದುಬತ್ತಿ ಹಿಡಿಯುತ್ತಾರೆ. ಚಿಕ್ಕಮ್ಮ ಅಲ್ಲಿ ಬಹಳ ಹೊತ್ತು ನಿಂತಿದ್ದರು. ಅವತ್ತು ಅಮಾವಾಸ್ಯೆ. ಚೀನೀ ಪಂಚಾಂಗದಲ್ಲಿ ತಿಂಗಳ ಮೊದಲ ದಿನ ಅದು. ಆ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಹುಣ್ಣಿಮೆಯ ಹೊತ್ತಿಗೆ, ಇಲ್ಲಿನ ಎಷ್ಟೋ ಬೌದ್ಧರು ಮಾಂಸ ಬಿಡುತ್ತಾರೆ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಇದನ್ನು ಹೇಳಿದಾಗ ಚಿಕ್ಕಮ್ಮ ನನ್ನ ಮುಖ ನೋಡಿ, "ಮತ್ತೆ ಇವರು ಎಲ್ಲಿ ಉಣ್ತಾರೆ?" ಅಂದರು.

ಇಷ್ಟು ವರ್ಷದಲ್ಲಿ ಊರಿನಿಂದ ಬಂದ ಒಬ್ಬರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ.

ಹತ್ತಿರದಲ್ಲೇ, ಮಿಡಲ್ ರೋಡಿನ ಫಾರ್ಚೂನ್ ಸೆಂಟರ್ ಅನ್ನುವ ಹಳೇ ಕಟ್ಟಡಕ್ಕೆ ಕರೆದುಕೊಂಡು ಹೋದೆ. ಒಳಗೆ ಒಂದರ ಪಕ್ಕ ಒಂದು ಸಸ್ಯಾಹಾರಿ ಅಂಗಡಿ. ಬಾತುಕೋಳಿಯಂತೆ ಕಾಣುವ ತುಂಡುಗಳನ್ನು ನೋಡಿ ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಗೋಧಿಯ ಅಂಟು, ಸೋಯಾದಿಂದ ಮಾಡಿದ್ದು ಅಂತ ನಾನು ಹೇಳುತ್ತಲೇ ಇದ್ದೆ, ಕೇಳಲಿಲ್ಲ. ಸರಿ, ಅದು ಬೇಡ ಅಂತ ಲೇ ಚಾ ತರಿಸಿದೆ. ಚೀನೀಯರಲ್ಲೇ ಒಂದು ಪಂಗಡವಾದ ಹಕ್ಕಾ ಜನರ ಊಟ ಅದು. ಅನ್ನದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು, ಹುರುಳಿಕಾಯಿ, ತೋಫು, ಹುರಿದ ಕಡಲೆಕಾಯಿ. ಪಕ್ಕದ ಬಟ್ಟಲಿನಲ್ಲಿ ಚಹಾ ಎಲೆ, ಪುದೀನ, ತುಳಸಿಯ ಜಾತಿಯ ಎಲೆ, ಎಳ್ಳು ಎಲ್ಲ ಅರೆದು ಮಾಡಿದ ಹಸಿರು ಸಾರು. ಬೇರೆ ಕಡೆ ಇದಕ್ಕೆ ಒಣ ಮೀನು ಹಾಕುತ್ತಾರೆ, ಕೇಳಿಯೇ ತಿನ್ನಿ. ಚಿಕ್ಕಮ್ಮ ಮೊದಲ ಚಮಚಕ್ಕೆ ಮುಖ ಹಿಂಡಿದರು. ಎರಡನೆಯದಕ್ಕೆ ಸುಮ್ಮನಾದರು. ಆಮೇಲೆ, "ಬಿಸಿ ತಂಬುಳಿ ಕಣೇ ಇದು" ಅಂದರು. ಸಾರನ್ನು ಅನ್ನಕ್ಕೆ ಸುರಿದು, ಚಮಚ ಬದಿಗಿಟ್ಟು, ಕೈಯಲ್ಲೇ ಕಲಸಿದರು. ಎದುರು ಕೂತಿದ್ದ ಚೀನೀ ಅಜ್ಜಿಯೊಬ್ಬರು ಅದನ್ನು ನೋಡಿ, ತಮ್ಮ ತಟ್ಟೆಯಿಂದ ಕಡಲೆಕಾಯಿಯನ್ನು ಇವರ ತಟ್ಟೆಗೆ ಹಾಕಿದರು.

ಹಾಗಾಗಿ ಬರುವವರೇ, "ನಮ್ಮ ಊಟ ಎಲ್ಲಿ" ಅಂತ ಒಂದು ಹೊತ್ತಿಗೆ ಕೇಳಿ, ಬೇಡ ಅನ್ನುವುದಿಲ್ಲ. ಉಳಿದ ಹೊತ್ತು ಇಲ್ಲಿನವರು ಎಲ್ಲಿ ಉಣ್ತಾರೆ ಅಂತ ಕೇಳಿ. ರಜೆ ಹಾಕಿಯಾದರೂ ಜೊತೆಗೆ ಬರುತ್ತೇನೆ. ಹಾಕರ್ ಸೆಂಟರಿನಲ್ಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ, ಕೂರಬೇಡಿ. ಉಂಡ ತಟ್ಟೆಯನ್ನು ನೀವೇ ಎತ್ತಿಡಬೇಕು, 2021ರಿಂದ ಅದು ಕಡ್ಡಾಯ. ಕಾಫಿಗೆ ಸಕ್ಕರೆ ಬೇಡವಾದರೆ "ಕೊಸೊಂಗ್" ಅನ್ನಿ. ಅಮಾವಾಸ್ಯೆ ದಿನ ಬಂದರೆ ಹನ್ನೊಂದು ಗಂಟೆಯೊಳಗೆ ಹೊರಡೋಣ, ಆಮೇಲೆ ಸಾಲು ಬಹಳ ಉದ್ದ ಇರುತ್ತದೆ.