ಹಳೇ ಜೋಡುನಳಿಗೆ ಕೋವಿಯ ಜಾತಕ ಇರುವುದು ಅದರ ಹೊಟ್ಟೆಯಲ್ಲಿ

ಕೊಡಗಿನ ಐನ್‌ಮನೆಗಳಲ್ಲಿ, ಮಲೆನಾಡಿನ ಎಸ್ಟೇಟ್ ಬಂಗಲೆಗಳಲ್ಲಿ ಉಳಿದಿರುವ ಇಂಗ್ಲಿಷ್ ತೋಟೆ ಕೋವಿಗಳ ಬಗ್ಗೆ ಊರಿನವರು ಕೇಳುವ ಪ್ರಶ್ನೆ ಒಂದೇ: 'ಇಷ್ಟು ಚಂದದ ಕೆತ್ತನೆ ಇದೆಯಲ್ಲ, ಬೆಲೆ ಎಷ್ಟಾದೀತು?' ಇಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋವಿ ಬಲ್ಲವರು ಕೆತ್ತನೆಯನ್ನು ಕೊನೆಗೆ ನೋಡುತ್ತಾರೆ. ಮೊದಲು ನಳಿಗೆ ಕಳಚಿ ಮಗುಚುತ್ತಾರೆ.

ರಿಬ್ (ಎರಡು ನಳಿಗೆಗಳ ನಡುವಿನ ಪಟ್ಟಿ) ಮೇಲಿನ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. 'ಮ್ಯಾಂಟನ್, ಕಲ್ಕತ್ತಾ', 'ರೊಡ್ಡಾ, ಕಲ್ಕತ್ತಾ' ಎಂದಿದ್ದರೆ ಅದು ಸಾಮಾನ್ಯವಾಗಿ ಮಾರಿದ ಅಂಗಡಿಯ ಹೆಸರು. ಅಂಥ ಕೋವಿಗಳಲ್ಲಿ ಬಹಳಷ್ಟು ತಯಾರಾದದ್ದು ಬರ್ಮಿಂಗ್‌ಹ್ಯಾಮ್‌ನಲ್ಲೇ. ವೆಬ್ಲಿ ಅಂಡ್ ಸ್ಕಾಟ್‌ನಂಥ ಕಾರ್ಖಾನೆಗಳು ಬೇರೆಯವರ ಹೆಸರು ಕೆತ್ತಿ ಕೊಡುತ್ತಿದ್ದವು.

ಕೋವಿ ತೆರೆದು ತೋಟೆ ಕೂರುವ ಎರಡೂ ಕೊಠಡಿ ಖಾಲಿ ಇರುವುದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಿ. ಆಮೇಲೆ ನಳಿಗೆಯಡಿಯ ಮುಂಗೈ ಮರವನ್ನು ಬಿಚ್ಚಿ ನಳಿಗೆಗಳನ್ನು ಎತ್ತಿ ತೆಗೆಯಿರಿ. ಇಷ್ಟಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ, ಮುಟ್ಟಲೂಬೇಡಿ. ಈ ಕೋವಿಗಳ ಸ್ಕ್ರೂ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ. ಸಾಮಾನ್ಯ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಸುತ್ತಲಿನ ಕೆತ್ತನೆಯೇ ಹಾಳು. ನಳಿಗೆ, ಆಕ್ಷನ್ (ನಳಿಗೆ ಕೂರುವ ಯಂತ್ರಭಾಗ), ಮುಂಗೈ ಕಬ್ಬಿಣ, ಟ್ರಿಗರ್ ಗಾರ್ಡ್‌ನ ಬಾಲ, ಇವುಗಳ ಮೇಲೆ ಸಿಗುವ ಕ್ರಮಸಂಖ್ಯೆಗಳೆಲ್ಲ ಒಂದೇ ಆಗಿರಬೇಕು.

ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿ ಪ್ರೂಫ್ ಮುದ್ರೆಗಳಿರುತ್ತವೆ. ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಒತ್ತುವ ಗುರುತು ಇದು. ಇಲ್ಲಿನ ಪ್ರೂಫ್ ಹೌಸ್ 1813ರಲ್ಲಿ ಸಂಸತ್ತಿನ ಕಾಯಿದೆಯಿಂದ ಆರಂಭವಾಯಿತು, ಇಂದಿಗೂ ಕೆಲಸ ಮಾಡುತ್ತಿದೆ. ಕಿರೀಟದಡಿ ಅಡ್ಡಡ್ಡ ರಾಜದಂಡಗಳಿದ್ದರೆ ಬರ್ಮಿಂಗ್‌ಹ್ಯಾಮ್, 1904ಕ್ಕಿಂತ ಹಿಂದಿನದು. ಕಿರೀಟದಡಿ 'ಬಿಪಿ', 'ಬಿವಿ' ಅಕ್ಷರಗಳಿದ್ದರೆ 1904ರ ನಂತರದ್ದು. 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗಲ್ಲ) ಎಂದಿದ್ದರೆ 1875 ಮತ್ತು 1887ರ ನಡುವಿನ ಚೋಕ್ ನಳಿಗೆ, ಅಂದರೆ ತುದಿ ಕಿರಿದಾದದ್ದು. 'ಟನ್' ಲೆಕ್ಕದ ಒತ್ತಡ ಬರೆದಿದ್ದರೆ ಪರೀಕ್ಷೆ ಆದದ್ದು 1954ರ ನಿಯಮಗಳ ಮೇಲೆ. ಹಳೇ ಕೋವಿಯನ್ನೇ ಮತ್ತೆ ಪರೀಕ್ಷೆಗೆ ಕೊಟ್ಟಿರಬಹುದು, ಹಾಗಾಗಿ ಎರಡು ಕಾಲದ ಮುದ್ರೆಗಳು ಒಟ್ಟಿಗಿದ್ದರೆ ಗಾಬರಿ ಬೇಡ.

ಬೆಲೆ ಏರುವುದೂ ಬೀಳುವುದೂ ನಳಿಗೆಯ ಮೇಲೆಯೇ. 12 ಬೋರ್ ನಳಿಗೆಯ ಒಳಗಿನ ಅಳತೆ 0.729 ಇಂಚು, ಕೊಠಡಿ ಕಡೆಯಿಂದ 9 ಇಂಚು ಒಳಗೆ ಅಳೆಯುತ್ತಾರೆ. ತುಕ್ಕಿನ ಗುಂಡಿ ತೆಗೆಯಲು ಒಳಗೆ ಉಜ್ಜಿ ಉಜ್ಜಿ ಅಳತೆ 0.740 ದಾಟಿಸಿದ್ದರೆ ಆ ಕೋವಿ 'ಔಟ್ ಆಫ್ ಪ್ರೂಫ್', ಅಂದರೆ ಹಳೇ ಮುದ್ರೆಗೆ ಬೆಲೆಯಿಲ್ಲ. ಬ್ರಿಟನ್ನಿನಲ್ಲಿ ಹಾಗೇ ಮಾರುವುದು ಅಪರಾಧ. ನಳಿಗೆ ಗೋಡೆಯ ದಪ್ಪ ಇಂಚಿನ ಸಾವಿರದಲ್ಲಿ 20 ಭಾಗಕ್ಕಿಂತ ಕಡಿಮೆಯಾದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ತುದಿಯಲ್ಲಿ ಎರಡು ನಳಿಗೆಗಳು ಒಂದಕ್ಕೊಂದು ತಾಗದೆ ನಡುವೆ ಬೆಸುಗೆ ತುಂಬಿದ್ದರೆ, ಯಾರೋ ನಳಿಗೆ ಕತ್ತರಿಸಿರುವ ಸಾಧ್ಯತೆ ಹೆಚ್ಚು. ಕೊಠಡಿಯ ಮುಂದೆ ಸುತ್ತಲೂ ಸಣ್ಣ ಗೆರೆ ಕಂಡರೆ ಸ್ಲೀವ್ ಮಾಡಿದ್ದು, ಅಂದರೆ ಹಳೇ ಬುಡಕ್ಕೆ ಹೊಸ ಕೊಳವೆ ಕೂರಿಸಿದ್ದು. ಹಾರಿಸಲು ಸರಿ, ಸಂಗ್ರಹಕಾರರಿಗೆ ಬೇಡ.

ಈಗ ಕೆತ್ತನೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಇಂಗ್ಲಿಷರ ಸಾಂಪ್ರದಾಯಿಕ ಮಾದರಿ ಗುಲಾಬಿ ಗೊಂಚಲು ಮತ್ತು ಸಣ್ಣ ಬಳ್ಳಿಸುರುಳಿ. ಕೈಯುಳಿಯ ಗೆರೆ ಒಳಗೆ ನುಣುಪಾಗಿ ಹೊಳೆಯುತ್ತದೆ, ತಿರುವಿನಲ್ಲಿ ಅಗಲವಾಗಿ ಕೊನೆಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ. ಲೇಸರ್ ಗೆರೆಯ ಆಳ ಎಲ್ಲೆಡೆ ಒಂದೇ, ತಳ ಒರಟು. ಕೈ ತಾಗುವ ಟ್ರಿಗರ್ ಗಾರ್ಡ್, ಮೇಲಿನ ಲಿವರ್ ಮೊದಲು ಸವೆಯಬೇಕು. ಅವು ಸವೆದೂ ಪಕ್ಕದ ಲಾಕ್ ತಗಡಿನ ಕೆತ್ತನೆ ನಿನ್ನೆ ಮಾಡಿದಂತಿದ್ದರೆ ಮರುಕೆತ್ತನೆಯ ಅನುಮಾನ ಸಹಜ. ಒಂದೇ ಗೆರೆ ಎರಡಾಗಿ ಕಾಣುವುದು ಅದರ ಇನ್ನೊಂದು ಸುಳಿವು. ಲೋಹವನ್ನು ಕಾಯಿಸಿ ಗಟ್ಟಿಗೊಳಿಸುವ ಹಾರ್ಡನಿಂಗ್‌ನಿಂದ ಬಂದ ನೀಲಿ, ಕಂದು ಬಣ್ಣದ ಶೇಷ ಮೂಲೆಗಳಲ್ಲಿ ಉಳಿದಿದ್ದರೆ ಅದು ಚಿನ್ನದಂಥ ಸಾಕ್ಷಿ. ದಯವಿಟ್ಟು ಆಯುಧಪೂಜೆಗೋ ಕೈಲ್‌ಪೊಳ್ದ್‌ಗೋ ಎಂದು ಬ್ರಾಸೊ ಹಚ್ಚಿ ತಿಕ್ಕಬೇಡಿ. ತೆಳುವಾಗಿ ಕೋವಿ ಎಣ್ಣೆ ಸವರಿದರೆ ಸಾಕು.

ಕೆನ್ ಹಂಟ್ ಅವರಂಥ ಹೆಸರಾಂತ ಕಲಾವಿದರ ಸಹಿ ಇದ್ದರೆ ಬೆಲೆಯ ಲೆಕ್ಕವೇ ಬೇರೆ. ಆದರೆ ಹಳೇ ಇಂಗ್ಲಿಷ್ ಕೋವಿಗಳ ಕೆತ್ತನೆಗಾರರು ಸಾಮಾನ್ಯವಾಗಿ ಸಹಿ ಹಾಕುತ್ತಿರಲಿಲ್ಲ.

ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ಕೋವಿ ತಯಾರಕರ ಹಳೇ ಲೆಡ್ಜರ್‌ಗಳು ಉಳಿದಿವೆ. ಕ್ರಮಸಂಖ್ಯೆ ಮತ್ತು ಫೋಟೋ ಕಳಿಸಿ, ದಾಖಲೆಯ ಪತ್ರ ಕೇಳಿ. ಯಾರಿಗೆ ಮಾಡಿದ್ದು, ಯಾವ ವರ್ಷ, ನಳಿಗೆ ಎಷ್ಟುದ್ದ ಎಂಬುದು ಅಲ್ಲಿರಬಹುದು. ಲೆಡ್ಜರ್‌ನಲ್ಲಿ 30 ಇಂಚು, ನಿಮ್ಮ ಕೈಯಲ್ಲಿ 28 ಇಂಚು ಎಂದಾದರೆ ಉತ್ತರ ಗೊತ್ತಾಯಿತಲ್ಲ. 'ಮಹಾರಾಜರು ಕೊಟ್ಟದ್ದು' ಎಂಬ ಮನೆಮಾತಿಗೂ ಇಂಥ ಕಾಗದವಿದ್ದರೆ ಮಾತ್ರ ಹರಾಜಿನಲ್ಲಿ ಬೆಲೆ.

ಹೋಲ್ಟ್ಸ್, ಬಾನಮ್ಸ್‌ನಂಥ ಹರಾಜು ಮನೆಗಳ ಹಳೇ ಫಲಿತಾಂಶ ನೋಡುವಾಗ ಅಂದಾಜು ಬೆಲೆ ಬಿಟ್ಟು ಸುತ್ತಿಗೆ ಬಿದ್ದ ಬೆಲೆಯನ್ನೇ ಹಿಡಿಯಿರಿ. ಅದೇ ತಯಾರಕ, ಅದೇ ಆಕ್ಷನ್, ಅದೇ ಬೋರ್ ಇರುವುದನ್ನು ಮಾತ್ರ ಹೋಲಿಸಿ. ಈ ಪೌಂಡಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ಕನಸು ಕಟ್ಟುವಂತಿಲ್ಲ. 100 ವರ್ಷ ದಾಟಿ ಪುರಾವಸ್ತು ಎನಿಸಿಕೊಂಡದ್ದನ್ನು 1972ರ ಪುರಾವಸ್ತು ಕಾಯಿದೆಯಂತೆ ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವ ವಿನಾಯಿತಿ ಲೈಸೆನ್ಸಿಗೆ ಸಂಬಂಧಿಸಿದ್ದು. ಕೋವಿ ಕೈ ಬದಲಿಸುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.